ಚಂದ್ರವ್ವನ ತೋಳಡಿಯ ನೀಲಿ ಚೌಕಳಿ

ನಿಮಗೆ ಯಾವತ್ತಾದರೂ ಹೀಗಾಗಿದೆಯಾ, ನಿಜ ಹೇಳಿ. ನಿಮ್ಮನ್ನು ಬೇರೆ ಯಾರೋ ಅಂದುಕೊಂಡು, ರೆಟ್ಟೆ ಹಿಡಿದು, ನೀವು ಕನಸಿನಲ್ಲೂ ಕಾಲಿಡಲಾಗದ ಜಾಗಕ್ಕೆ ಕರೆದೊಯ್ದು ನಿಲ್ಲಿಸಿದ್ದು? ಮತ್ತು ನೀವು "ಅಯ್ಯೋ, ಅದು ನಾನಲ್ಲ" ಎಂದು ಹೇಳಬೇಕಾದ ಹೊತ್ತಿನಲ್ಲಿ ತೆಪ್ಪಗೆ ಹಿಂದೆ ನಡೆದದ್ದು? ಯಾರದೋ ಮದುವೆಯಲ್ಲಿ ಗಂಡಿನ ಕಡೆಯವರೆಂದು ಮೊದಲ ಪಂಕ್ತಿಯಲ್ಲಿ ಕೂರಿಸಿದರು ಅನ್ನುವ ಕಥೆ ಬೇಡ. ಅದು ಎಲ್ಲರಿಗೂ ಆಗಿದೆ, ನನಗೆ ಎರಡು ಸಲ ಆಗಿದೆ. ನಾನು ಕೇಳುತ್ತಿರುವುದು ಅದಕ್ಕಿಂತ ದೊಡ್ಡದು.

ಮೊನ್ನೆ ಕಪಾಟಿನ ಕೆಳಗಿನ ಖಾನೆಯಿಂದ ನನ್ನ ಹಳೆಯ ಅಳತೆ ಟೇಪು ಹೊರಬಿತ್ತು. ಹಳದಿ ಬಣ್ಣದ್ದು. ಒಂದರಿಂದ ಒಂಬತ್ತರವರೆಗಿನ ಅಂಕಿಗಳು ನನ್ನ ಹೆಬ್ಬೆರಳಿಗೆ ಸಿಕ್ಕು ಸವೆದುಹೋಗಿವೆ. ಹತ್ತರಿಂದ ಮುಂದೆ ಲೋಕ ಸರಿಯಾಗಿದೆ. ಮಗಳು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದನ್ನ ಒಗೀಲೇನು?" ಅಂದಳು. "ಒಗದು ನೋಡು, ಅದರ ಹಿಂದ ನಿನ್ನನ್ನೂ ಒಗೀತೀನಿ" ಅಂದೆ. ಅವಳಿಗೆ ಕಥೆ ಗೊತ್ತಿಲ್ಲ. ಗೊತ್ತಿಲ್ಲ ಅಂದರೆ, ಹತ್ತು ಸಲ ಹೇಳಿದ್ದೇನೆ, ಹತ್ತು ಸಲವೂ ಮೊಬೈಲು ಉಜ್ಜುತ್ತ "ಹ್ಞೂಂ" ಅಂದಿದ್ದಾಳೆ. ನೀವೂ ಮೊಬೈಲಿನಲ್ಲೇ ಇದ್ದೀರಿ, ಗೊತ್ತು. ಆದರೆ ಓದುತ್ತಿದ್ದೀರಲ್ಲ, ಅಷ್ಟು ಸಾಕು.

ತೊಂಬತ್ತರ ದಶಕದ ಕೊನೆ. ನನಗಾಗ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಹುಬ್ಬಳ್ಳಿಯಲ್ಲಿ ಶಾಲಾ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ: ಒಂದು ಉದ್ದನೆಯ ತಗಡಿನ ಷೆಡ್ಡು, ಕಾಲಲ್ಲಿ ತುಳಿಯುವ ಇಪ್ಪತ್ತು ಹೊಲಿಗೆ ಯಂತ್ರ, ಒಬ್ಬ ಕಟಿಂಗ್ ಮಾಸ್ತರರು, ಒಂದು ಟೇಪ್ ರೆಕಾರ್ಡರು. ನನ್ನ ಕೆಲಸ ಒಂದು ಯಂತ್ರದಲ್ಲಿ ಹೊಲಿಯುವುದು, ಜೊತೆಗೆ ಅಳತೆ ತರುವುದು. ಹೆಣ್ಣುಮಕ್ಕಳ ಶಾಲೆಯವರು ಅಳತೆಗೆ ಹೆಂಗಸೇ ಬರಬೇಕು ಅನ್ನುತ್ತಿದ್ದರು. ಹಾಗಾಗಿ ಬೇಸಿಗೆ ರಜೆಗೆ ಮೊದಲು ನಾನು ಊರೂರು ತಿರುಗುತ್ತಿದ್ದೆ. ಕೊರಳಲ್ಲಿ ಟೇಪು, ಹೆಗಲಲ್ಲಿ ಚೀಲ, ಚೀಲದೊಳಗೆ ಬಟ್ಟೆಯ ಮಾದರಿ ತುಂಡುಗಳು, ಮತ್ತು ಸೀರೆಯ ಸೆರಗಿನ ಒಳಮಗ್ಗುಲಿಗೆ ಚುಚ್ಚಿಕೊಂಡ, ದಾರ ಪೋಣಿಸಿಟ್ಟ ಎರಡು ಸೂಜಿ. ಸೂಜಿಯ ರೂಢಿ ಮಾಸ್ತರರದು. "ಅಳತಿಗೆ ಹೋಗಾಕಿ ಕೈ ಬೀಸ್ಕೋತ ಹೋಗಬಾರದವಾ, ಎಲ್ಲಿ ಯಾರ ಗುಂಡಿ ಹರೀತದೋ" ಎಂದು ಪ್ರತಿ ಪ್ರಯಾಣಕ್ಕೂ ಮೊದಲು ಬಾಗಿಲಲ್ಲಿ ತಡೆದು ಸೂಜಿ ತೋರಿಸು ಅನ್ನುತ್ತಿದ್ದರು, ಪೊಲೀಸರು ಲೈಸೆನ್ಸು ಕೇಳುವ ಹಾಗೆ.

ಈ ಕೆಲಸಕ್ಕೆ ಒಂದು ರೋಗವಿದೆ, ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಯಾರನ್ನು ನೋಡಿದರೂ ಮೊದಲು ಕಾಣುವುದು ಭುಜ. ನನ್ನನ್ನು ನೋಡಲು ಗಂಡು ಬಂದು ಹೋದ ಮೇಲೆ ಅವ್ವ ಕೇಳಿದಳು, "ಹುಡುಗ ಹ್ಯಾಂಗನಸ್ತಾನ?" ನಾನು ಹೇಳಿದೆ, "ಎದಿ ಮೂವತ್ತೆಂಟು, ಎಡಗಡೆ ಹೆಗಲು ಅರ್ಧ ಇಂಚು ಇಳದದ." ಅವ್ವ ಹಣೆ ಚಚ್ಚಿಕೊಂಡಳು. ಅದೇ ಗಂಡನ ಜೊತೆ ಇಷ್ಟು ವರ್ಷ ಬಾಳಿದ್ದೇನೆ. ಹೆಗಲು ಇನ್ನೂ ಅರ್ಧ ಇಂಚು ಇಳಿದೇ ಇದೆ.

ವಿಷಯಕ್ಕೆ ಬರುತ್ತೇನೆ. ಆ ಷೆಡ್ಡಿನ ಟೇಪ್ ರೆಕಾರ್ಡರಿನಲ್ಲೇ ನನಗೆ ಹಂತಿ ಎಕ್ಸ್‌ಪ್ರೆಸ್ ಸಿಕ್ಕಿದ್ದು. ಕಣದಲ್ಲಿ ಎತ್ತುಗಳನ್ನು ಸುತ್ತು ಹೊಡೆಸುತ್ತ ರೈತರು ಹಾಡುವ ಹಂತಿ ಪದಗಳಿಗೆ ಕೀಬೋರ್ಡು, ಗಿಟಾರು, ಡ್ರಮ್ಮು ಸೇರಿಸಿ ಕುಣಿಯುವ ಹಾಗೆ ಮಾಡಿದ ತಂಡ. ಐದು ಜನ. ನಡುವೆ ಹಲಗೆ ಬಾರಿಸುತ್ತ ಹಾಡುವಾಕೆ ಚಂದ್ರವ್ವ. ಅವಳ ದನಿ ನುಣುಪಾದದ್ದಲ್ಲ. ಹೊಸ ಖಾದಿಯ ಹಾಗೆ ಮೊದಲು ಚುಚ್ಚುತ್ತದೆ, ಆಮೇಲೆ ಮೈಯಿಂದ ತೆಗೆಯಲು ಮನಸ್ಸಾಗುವುದಿಲ್ಲ.

ನಮ್ಮ ಷೆಡ್ಡು ಅವಳ ಹಾಡಿನ ಮೇಲೆಯೇ ನಡೆಯುತ್ತಿತ್ತು. ಬಿರುಸಿನ ಹಾಡು ಬಂದರೆ ಲಂಗದ ಉದ್ದ ಹೊಲಿಗೆ, ನಿಧಾನದ್ದು ಬಂದರೆ ಕಾಜಾ, ಗುಂಡಿ. ಒಂದು ಹಾಡನ್ನು ಮಾತ್ರ ಮಾಸ್ತರರು ಶನಿವಾರ ಸಂಜೆಗೆ ಅಂತ ಮೀಸಲಿಟ್ಟಿದ್ದರು, ಯಾಕೆಂದರೆ ಅದು ಬಂದಾಗಲೆಲ್ಲ ಕಾಲರುಗಳು ಸೊಟ್ಟಗಾಗುತ್ತಿದ್ದವು. ಕಡಲೆ ಹೊಲದ ಹಾಡು ಅದು. ಕೊನೆಯಲ್ಲಿ ದನಿ ಏರಿ ಏರಿ, ಇನ್ನೇನು ಅನ್ನುವಷ್ಟರಲ್ಲಿ ಎಲ್ಲವೂ ನಿಂತುಬಿಡುತ್ತದೆ. ಹಲಗೆ ಇಲ್ಲ, ಕೀಬೋರ್ಡು ಇಲ್ಲ, ಉಸಿರೂ ಇಲ್ಲ. ಟೇಪು ಸಿಕ್ಕಿಕೊಂಡಿತೇನೋ ಅನ್ನುವಷ್ಟು ಹೊತ್ತು ಮೌನ. ಆಮೇಲೆ "ಧಡ್" ಎಂದು ಒಂದೇ ಏಟು, ಹಾಡು ಮತ್ತೆ ಹೊರಡುತ್ತದೆ. ಆ ಮೌನದಲ್ಲಿ ಷೆಡ್ಡಿನ ಇಪ್ಪತ್ತೂ ಯಂತ್ರಗಳು ನಿಲ್ಲುತ್ತಿದ್ದವು, ಏಟಿಗೆ ಒಟ್ಟಿಗೇ ಹೊರಡುತ್ತಿದ್ದವು. ಯಾರೂ ಹೇಳಿಕೊಟ್ಟದ್ದಲ್ಲ.

ಆ ಮೌನದಲ್ಲಿ ಚಂದ್ರವ್ವ ಏನು ಮಾಡುತ್ತಾಳೆ? ಇದು ನನ್ನ ಪ್ರಶ್ನೆ. ನೋಡಿ ಬಂದವರೆಲ್ಲ "ಅದು ಕೇಳೂದಲ್ಲ, ನೋಡೂದು" ಅನ್ನುತ್ತಿದ್ದರು, ಏನು ಎಂದು ಹೇಳಲು ಯಾರಿಗೂ ಬರುತ್ತಿರಲಿಲ್ಲ. ಧಾರವಾಡಕ್ಕೆ ಬಂದಾಗ ಅಪ್ಪ, "ಆರ್ಕೆಸ್ಟ್ರಾ ಗೀರ್ಕೆಸ್ಟ್ರಾ ನಮ್ಮನಿ ಹುಡುಗ್ಯಾರು ನೋಡೂದಲ್ಲ" ಅಂದರು. ಗದಗಿಗೆ ಬಂದಾಗ ನನಗೆ ಕಣ್ಣುಬೇನೆ. ಹುಬ್ಬಳ್ಳಿಗೇ ಬಂದಾಗ ನನ್ನ ಅಣ್ಣ ಹೋದ, ನಾನು ಮನೆಯಲ್ಲಿ ಕೂತೆ. ಅವನು ಬಂದ ಕೂಡಲೇ ಕೇಳಿದೆ, "ಆ ಮೌನದಾಗ ಏನ್ಮಾಡ್ತಾಳ?" ಅವನು ಚಪ್ಪಲಿ ಬಿಡುತ್ತ, "ಏನೋ ಕೈ ಎತ್ತತಾಳಪಾ. ಬಾಕಿ ಕ್ಯಾಸೆಟಿನ್ಯಾಗ ಇದ್ದಂಗ" ಅಂದ. ನಾಲ್ಕು ದಿನ ಅವನ ಜೊತೆ ಮಾತಾಡಲಿಲ್ಲ. ಈಗಲೂ ಆ ವಿಷಯಕ್ಕೆ ಅವನನ್ನು ಪೂರ್ತಿ ಕ್ಷಮಿಸಿಲ್ಲ, ಅವನಿಗೂ ಗೊತ್ತು, ಈ ಪೋಸ್ಟ್ ಓದುತ್ತಾನೆ.

ಆ ವರ್ಷ ಮಾರ್ಚಿನಲ್ಲಿ ನನ್ನ ಅಳತೆ ಪ್ರಯಾಣ ಕಲಬುರಗಿಗೆ ಬಿತ್ತು. ಬೋರ್ಡುಗಳ ಮೇಲೆ ಆಗಿನ್ನೂ ಗುಲ್ಬರ್ಗಾ, ಜನರ ಬಾಯಲ್ಲಿ ಯಾವಾಗಲೂ ಕಲಬುರ್ಗಿ. ಉಳಿಯುವುದು ಐವಾನ್-ಎ-ಶಾಹಿ ಕಡೆ ನಮ್ಮ ಅಂಬೂ ಕಾಕು ಮನೆಯಲ್ಲಿ. ಅಂಬೂ ಕಾಕು ನನ್ನ ಚಿಕ್ಕಪ್ಪನ ಹೆಂಡತಿ. ಸಿಟ್ಟು ಬಂದರೆ ಬೈಗುಳ ಮರಾಠಿಯಲ್ಲಿ, ತೀರಾ ಸಿಟ್ಟು ಬಂದರೆ ಕನ್ನಡದಲ್ಲಿ. ಊಟಕ್ಕೆ ಏನೂ ಕಡಿಮೆ ಮಾಡುತ್ತಿರಲಿಲ್ಲ, ಆದರೆ ನನ್ನ ಕೊರಳಿನ ಟೇಪು ಕಂಡರೆ ಆಕೆಗೆ ಆಗುತ್ತಿರಲಿಲ್ಲ.

"ಅಗ ಬಾಯಿ, ವೈಜೂ, ಅದನ್ನ ಕೊಳ್ಳಾಗಿಂದ ತಗೀ ಮೊದಲ. ಹೆಣ್ಣುಮಕ್ಕಳು ಕೊಳ್ಳಾಗ ಬಂಗಾರ ಹಾಕ್ಕೋತಾರ, ನೀ ನೋಡಿದ್ರ ಇಂಚುಪಟ್ಟಿ ಹಾಕ್ಕೊಂಡು ತಿರಗತಿ."

"ಕೆಲಸದ್ದು ಕಾಕು."

"ಯಾರರೆ ಕೇಳಿದ್ರ ನಾ ಏನಂತ ಹೇಳ್ಲಿ? ನಮ್ಮ ಭಾವನ ಮಗಳು ಊರೂರು ತಿರುಗಿ ಮಂದಿ ಸೊಂಟ ಅಳೀತಾಳ ಅಂತ ಹೇಳ್ಲೇನು?"

ಅವತ್ತಿನಿಂದ ಶಾಲೆಯ ಗೇಟು ದಾಟಿ ಹೊರಬಂದ ಕೂಡಲೇ ಟೇಪು ತೆಗೆದು ಸುತ್ತಿ ಚೀಲದಲ್ಲಿಡುವ ಅಭ್ಯಾಸ ಮಾಡಿಕೊಂಡೆ. ಈ ಮಾತು ನೆನಪಿಟ್ಟುಕೊಳ್ಳಿ.

ಮೂರನೆಯ ದಿನ ಕಮಲಾಪುರದ ಶಾಲೆ. ಬೆಳಿಗ್ಗೆ ಹೊರಡುವಾಗ ಕಾಕು, "ಬರೂವಾಗ ಕೆಂಪು ಬಾಳೆಹಣ್ಣು ತಗೊಂಡ್ ಬಾ, ಒಂದು ಡಜನ್. ಕಮಲಾಪುರದವೇ ಆಗಬೇಕು, ಇಲ್ಲಿ ಅಂಗಡಿದು ಬ್ಯಾಡ" ಅಂದಳು. ಜಗತ್ ಸರ್ಕಲ್ಲಿನಲ್ಲಿ ಆಟೋಗೆ ಕಾಯುತ್ತ ನಿಂತಿದ್ದೆ. ಎದುರಿನ ಗೋಡೆಯ ಮೇಲೆ, ಅಂಟು ಇನ್ನೂ ಹಸಿಯಿದ್ದ ಪೋಸ್ಟರಿನಲ್ಲಿ ಐದು ಮುಖ. ಹಂತಿ ಎಕ್ಸ್‌ಪ್ರೆಸ್. ಇಂದು ಸಂಜೆ ನಾಲ್ಕೂವರೆಗೆ. ಮಹಿಳೆಯರಿಗೆ ಪ್ರತ್ಯೇಕ ಆಸನ ವ್ಯವಸ್ಥೆ. ಪಾಸ್ ಇದ್ದವರಿಗೆ ಮಾತ್ರ ಪ್ರವೇಶ.

ನನ್ನ ಹತ್ತಿರ ಪಾಸು ಇಲ್ಲ. ಅಪ್ಪ ಹುಬ್ಬಳ್ಳಿಯಲ್ಲಿ. ಅಣ್ಣನೂ ಹುಬ್ಬಳ್ಳಿಯಲ್ಲಿ. ತಡವಾದರೆ ಕಾಕುಗೆ ಅಳತೆ ಮುಗಿಯಲಿಲ್ಲ ಅಂದರಾಯಿತು. ಪಾಸಿನ ವಿಚಾರ ಗೇಟಿನ ಹತ್ತಿರ ನೋಡೋಣ, ಮೊದಲು ಕಮಲಾಪುರ ಮುಗಿಸೋಣ ಅಂದುಕೊಂಡೆ.

ಅಲ್ಲಿ ನೂರಾ ತೊಂಬತ್ತು ಹುಡುಗಿಯರು ಸಾಲಾಗಿ ನಿಂತಿದ್ದರು. ಅಳತೆ ಬರೆದುಕೊಳ್ಳಲು ಶಾಂತಾ ಟೀಚರು ಕುರ್ಚಿ ಹಾಕಿಕೊಂಡು ಕೂತಿದ್ದರು. ನಮ್ಮಲ್ಲಿ ಅಳತೆ ಕೂಗಲು ಒಂದೇ ಕ್ರಮ, ತಪ್ಪಿಸುವಂತಿಲ್ಲ: ಭುಜ, ಎದೆ, ಸೊಂಟ, ಉದ್ದ, ತೋಳು. ಕೊನೆಗೆ, ಬೆಳೆಯುವ ಮಕ್ಕಳಲ್ಲವೇ, ಎಲ್ಲದಕ್ಕೂ ಎರಡು ಇಂಚು ಸೇರಿಸಬೇಕು. ತಾಯಂದಿರು ಬಂದರೆ ಎರಡು ಸಾಲುವುದಿಲ್ಲ. ಒಬ್ಬಾಕೆ ಕಿಟಕಿಯಲ್ಲಿ ತಲೆ ಹಾಕಿ, "ಬಾಯಿಯವರೆ, ನಮ್ಮಾಕಿದು ನಾಕಿಂಚು ಬಿಡ್ರಿ, ಮುಂದ ಅದನ್ನ ತಂಗಿ ಹಾಕ್ಕೋಬೇಕು, ತಂಗಿ ದಪ್ಪದಾಳ" ಅಂದಳು.

ಮಾಮೂಲಿಯಾಗಿ ಅಷ್ಟು ಮಕ್ಕಳಿಗೆ ಇಡೀ ದಿನ ಬೇಕು. ನಾನು ಊಟ ಬಿಟ್ಟೆ, ಮಾತು ಬಿಟ್ಟೆ. ಕಡಲೆ ಹೊಲದ ಹಾಡನ್ನು ಮೂಗಿನಲ್ಲಿ ಗುನುಗುತ್ತ ಅದರ ಲಯಕ್ಕೆ ಅಳೆಯತೊಡಗಿದೆ. ಸಾಲಿನ ಹುಡುಗಿಯರಿಗೂ ಹಾಡು ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಇಡೀ ವರಾಂಡ ಗುಂಯ್ ಅನ್ನತೊಡಗಿತು.

"ಏನ್ ಅವಸರರೀ ನಿಮ್ದು ಇವತ್ತ?" ಶಾಂತಾ ಟೀಚರು ಪೆನ್ನು ಎತ್ತಿದರು. "ನನ್ನ ಕೈ ಬಿದ್ದುಹೋಗ್ತದ."

"ಟೀಚರ, ಈ ಹಾಡಿನವರು ಇವತ್ತ ಕಲಬುರ್ಗಿಗೆ ಬಂದಾರ. ಹಂತಿ ಎಕ್ಸ್‌ಪ್ರೆಸ್" ಅಂದೆ.

ಟೀಚರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಮೊದಲ ಹೇಳ್ಬಾರ್ದೇನ್ರಿ? ಏ ಹುಡುಗ್ಯಾರಾ, ಚೀಲ ಗೀಲ ಬದಿಗಿಟ್ಟು ಲಗೂ ಲಗೂ ಬರ್ರಿ. ನೀವು ಕೂಗ್ರಿ, ನಾ ಬರ್ಕೋತೀನಿ. ಅಲ್ಲಿ ಹೋಗಿ ನನ್ನ ಹೆಸರಲೆ ಒಂದ್ ಸೀಟಿ ಹೊಡೀರಿ."

ಎರಡೂವರೆಗೆ ಮುಗಿಯಿತು. ರಸ್ತೆಗೆ ಓಡಿದೆ. ಹುಮನಾಬಾದ್ ಕಡೆಯಿಂದ ಬಂದ ಬಸ್ಸು ನಿಲ್ಲಲಿಲ್ಲ. ಇನ್ನೊಂದು ನಿಂತಿತು, ಅದರ ಬಾಗಿಲಲ್ಲಿ ಆಗಲೇ ಏಳು ಜನ ನೇತಾಡುತ್ತಿದ್ದರು. ಕೊನೆಗೆ ಬಾಳೆಗೊನೆ ತುಂಬಿದ ಟೆಂಪೋ ಒಂದಕ್ಕೆ ಕೈ ಮಾಡಿದೆ. ಡ್ರೈವರ್ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮುಂದ ಜಾಗಾ ಇಲ್ರೀ ಅಕ್ಕಾರ, ಹಿಂದ ಕೂಡ್ತೀರೇನು? ಹಣ್ಣಿನ ಮ್ಯಾಲ ಕೂಡಬ್ಯಾಡ್ರಿ ಮತ್ತ" ಅಂದ. ಕಾಕುಗೆ ಬೇಕಾದ ಒಂದು ಡಜನ್ ಅಲ್ಲೇ ಕೊಂಡೆ. ದಾರಿಯಲ್ಲಿನ ಮಹಾಗಾಂವ್ ಕ್ರಾಸಿನ ಬಿಸಿಲಿನಲ್ಲಿ, ಎರಡು ಗೊನೆಗಳ ನಡುವೆ ಮೂರನೆಯ ಗೊನೆಯಂತೆ ನಿಂತುಕೊಂಡು, ಕಲಬುರಗಿಗೆ ಬಂದಿಳಿದೆ. ನಾಲ್ಕಕ್ಕೆ ಐದು ನಿಮಿಷ ಇತ್ತು.

ಕಾರ್ಯಕ್ರಮದ ಮೈದಾನದ ಗೇಟಿನ ಮುಂದೆ ಜನವೋ ಜನ. ಪಾಸು ಇದ್ದವರೇ ಒಳಗೆ ಹೋಗಲಾರದೆ ಒದ್ದಾಡುತ್ತಿದ್ದರು. ಎದೆಯ ಮೇಲೆ ಅಂಗೈ ಅಗಲದ ಬ್ಯಾಡ್ಜು ಚುಚ್ಚಿಕೊಂಡ ಒಬ್ಬ ಮೀಸೆಯವರು ಲಾಠಿಯ ಬದಲು ಛತ್ರಿ ಹಿಡಿದು ಎಲ್ಲರನ್ನೂ ತಡೆಯುತ್ತಿದ್ದರು. ಹೇಗೋ ನುಗ್ಗಿ ಅವರ ಎದುರು ನಿಂತೆ. ಬೇಡಿಕೊಳ್ಳಲು ಬಾಯಿ ತೆರೆದೆ. ಅವರು ನನ್ನ ಮುಖ ನೋಡಲಿಲ್ಲ. ಕೊರಳು ನೋಡಿದರು.

"ಎಲ್ಲಿ ಹೋಗಿದ್ರೀ ಅಕ್ಕಾ ನೀವು!" ಎಂದು ಕಿರುಚಿದರು. "ಒಂದ್ ತಾಸಾತು ಒಳಗ ಬೊಬ್ಬಿ ಹೊಡ್ಯಾಕತ್ತಾರ, ಟೇಲರ್ ಎಲ್ಲಿ, ಟೇಲರ್ ಎಲ್ಲಿ ಅಂತ. ಸರೀರಿ, ಏ, ದಾರಿ ಬಿಡ್ರಿ, ಟೇಲರ್ ಬಂದಾರ!"

ಕೊರಳು ಮುಟ್ಟಿ ನೋಡಿಕೊಂಡೆ. ಟೇಪು. ಅವಸರದಲ್ಲಿ ತೆಗೆಯುವುದು ಮರೆತಿದ್ದೆ. ಕಮಲಾಪುರದಿಂದ ಇಲ್ಲಿಯವರೆಗೆ, ಬಾಳೆಗೊನೆಗಳ ನಡುವೆ, ಇಡೀ ಲೋಕಕ್ಕೆ ಕಾಣುವಂತೆ ಹಾಕಿಕೊಂಡೇ ಬಂದಿದ್ದೆ.

ನಾನು ಅವರು ಕರೆಸಿದ ಟೇಲರ್ ಅಲ್ಲ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಸಮಾಧಾನಕ್ಕೆ ಮನಸ್ಸಿನಲ್ಲೇ ಅಂದುಕೊಂಡೆ, ಅವರು ಟೇಲರ್ ಅಂದರು, ನಾನು ಟೇಲರ್ ಹೌದು, ಇದರಲ್ಲಿ ಸುಳ್ಳು ಯಾರದು? ಛತ್ರಿ ದಾರಿ ಮಾಡಿಕೊಟ್ಟಿತು. ಹತ್ತು ಹೆಜ್ಜೆಯಲ್ಲಿ ನಾನು ವೇದಿಕೆಯ ಹಿಂದೆ, ಸೀರೆ ಕಟ್ಟಿ ಮರೆ ಮಾಡಿದ ಮೂಲೆಯಲ್ಲಿ ನಿಂತಿದ್ದೆ. ಎದುರಿಗೆ ಚಂದ್ರವ್ವ.

ಭುಜ ಹದಿನಾರು, ಎದೆ ನಲವತ್ತು. ಕ್ಷಮಿಸಿ, ಮೊದಲು ಹೊಳೆದದ್ದು ಅದೇ. ಕ್ಯಾಸೆಟ್ಟಿನ ಫೋಟೋಕ್ಕಿಂತ ದಪ್ಪಗಿದ್ದಳು, ಎತ್ತರ ನನ್ನಷ್ಟೇ. ಕೆಂಪು ಖಣದ ಹೊಸ ಕುಬುಸ ತೊಟ್ಟು, ಎರಡೂ ಕೈಗಳನ್ನು ಗೊಂಬೆಯ ಹಾಗೆ ಪಕ್ಕಕ್ಕೆ ಚಾಚಿ ನಿಂತಿದ್ದಳು.

"ಬಂದ್ಯಾ ತಾಯಿ? ನೋಡಿಲ್ಲಿ. ಹೋದ ವರ್ಷದ ಅಳತಿ ಕೊಟ್ಟು ಹೊಲಿಸ್ಯಾರ ಪುಣ್ಯಾತ್ಮರು. ಈ ಕೈ ಇಷ್ಟ ಏಳ್ತದ, ಮ್ಯಾಲ ಏಳವಲ್ದು." ಕೈ ಹೆಗಲ ಮಟ್ಟಕ್ಕೆ ಬಂದು ನಿಂತಿತು. ಕಂಕುಳಲ್ಲಿ ಹೊಲಿಗೆ ಕಿರ್ರ್ ಅಂದಿತು. "ಕೈ ಎತ್ತಲಿಲ್ಲಂದ್ರ ಕಡಲಿ ಹೊಲದ ಹಾಡು ಹ್ಯಾಂಗ ಹಾಡ್ಲಿ? ಆ ಹಾಡು ಬಿಟ್ರ ಈ ಮಂದಿ ನನ್ನ ಬಿಡ್ತದೇನು?"

ನೋಡಿ, ಮೂರು ಊರಲ್ಲಿ ನನ್ನ ಕೈತಪ್ಪಿದ ಆ ಒಂದು ಗಳಿಗೆ, ಈಗ ನನ್ನ ಸೂಜಿಯ ತುದಿಯಲ್ಲಿ ಕೂತಿತ್ತು. ನಾನು ಹೊಲಿಯದಿದ್ದರೆ ಅದು ಯಾರಿಗೂ ಇಲ್ಲ.

"ಬಿಚ್ಚಿ ಕೊಡ್ರಿ" ಅಂದೆ. ಆಕೆ ಶಾಲು ಹೊದ್ದು ಕುಬುಸ ಕೊಟ್ಟಳು. ಅಂಚಿನಲ್ಲಿ ಬಿಡಲು ಬಟ್ಟೆಯೇ ಇರಲಿಲ್ಲ, ಹೊಲಿದವರು ಅಷ್ಟು ಜಿಪುಣರು. ದಾರಿ ಒಂದೇ: ಕಂಕುಳ ಬಿಚ್ಚಿ, ಅಲ್ಲೊಂದು ಚೌಕದ ಪಟ್ಟಿ ಕೂಡಿಸಬೇಕು. ಕೈ ಎತ್ತಿದರೆ ಪಟ್ಟಿ ಅರಳುತ್ತದೆ, ಇಳಿಸಿದರೆ ಒಳಗೆ ಮಡಚಿಕೊಳ್ಳುತ್ತದೆ. ಆದರೆ ಕೆಂಪು ಖಣ ಎಲ್ಲಿಂದ ತರಲಿ? ಚೀಲ ಸುರುವಿದೆ. ಕೆಂಪು ಬಾಳೆಹಣ್ಣು ಬಿದ್ದವು, ಕೆಂಪು ಬಟ್ಟೆ ಬೀಳಲಿಲ್ಲ. ಗಟ್ಟಿಯಾದದ್ದು ಒಂದೇ ಇತ್ತು, ಕಮಲಾಪುರದ ಹುಡುಗಿಯರ ಅಂಗಿಯ ಮಾದರಿ. ನೀಲಿ ಚೌಕಳಿ.

"ಬಣ್ಣ ಕೂಡೂದಿಲ್ರೀ. ಸಾಲಿ ಹುಡುಗ್ಯಾರ ಅಂಗಿದು."

"ಕಂಕುಳದಾಗ ಯಾರ್ ನೋಡ್ತಾರ, ಹಾಕವಾ" ಎಂದು ಚಂದ್ರವ್ವ ಕೇಳದೆಯೇ ಒಂದು ಬಾಳೆಹಣ್ಣು ಸುಲಿದಳು.

"ಎಷ್ಟು ಬಿಡ್ಲಿ? ಮಕ್ಕಳಿಗೆ ಎರಡು ಇಂಚು ಬಿಡ್ತೀವಿ, ಬೆಳೀತಾವಂತ."

"ಬಿಡು ಬಿಡು, ಎರಡು ಇಂಚು ಬಿಡು. ನಾನೂ ಇನ್ನೂ ಬೆಳ್ಯಾಕತ್ತೀನಿ" ಎಂದು ನಕ್ಕಳು. ಆ ನಗು ಕ್ಯಾಸೆಟ್ಟಿನಲ್ಲಿಲ್ಲ.

ಬಲಗಡೆಯದನ್ನು ಕೂಡಿಸಿ ಮುಗಿಸಿದ್ದೆ, ಸೀರೆಯ ಮರೆಯಾಚೆ ಗದ್ದಲ ಎದ್ದಿತು. ಬ್ಯಾಡ್ಜಿನವರ ದನಿ: "ಟೇಲರ್ ಆಗಲೇ ಒಳಗದಾರ ಅಂತ ಹೇಳಾಕತ್ತೀನಲ್ರೀ!" ಇನ್ನೊಂದು ದನಿ, ವಯಸ್ಸಾದದ್ದು, ಅಷ್ಟೇ ಜೋರು: "ಅರೇ, ನಾ ಇಲ್ಲಿ ನಿಂತೀನಿ, ಒಳಗ ಹ್ಯಾಂಗ ಇರ್ತೀನಿ? ಸೈಕಲ್ ಪಂಕ್ಚರ್ ಆಯಿತು, ಮಶೀನ್ ಹೊತ್ತುಕೊಂಡು ನಡದು ಬಂದೀನಿ. ಜಗತ್‌ದಾಗ ರಸೂಲ್ ಟೇಲರ್ ಯಾರು ಅಂತ ಕೇಳು ಹೋಗು!"

"ಮತ್ತ ಒಳಗ ಇರಾಕಿ ಯಾರು?"

ಚಂದ್ರವ್ವ ಅಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ.

"ನಾ ಟೇಲರ್ ಹೌದ್ರೀ. ಆದ್ರ ನನ್ನ ಯಾರೂ ಕರದಿಲ್ಲ. ಹಾಡು ಕೇಳಾಕ ಬಂದಾಕಿ. ಪಾಸ್ ಇರಲಿಲ್ಲ. ಕೊಳ್ಳಾಗ ಟೇಪ್ ನೋಡಿ ಅವರು ಒಳಗ ಬಿಟ್ರು, ನಾ ಬಂದುಬಿಟ್ಟೆ. ಅಷ್ಟೇ."

ಚಂದ್ರವ್ವ ಕುಬುಸವನ್ನು ನನ್ನ ತೊಡೆಯಿಂದ ಎತ್ತಿ, ಮರೆಯ ಸಂದಿಯಿಂದ ಹೊರಗೆ ಚಾಚಿದಳು. "ಚಾಚಾ, ಇದನ್ನ ನೋಡಿ ಹೇಳ್ರಿ. ಬಲಗಡೀದು ನಿಲ್ಲತದೇನು?"

ನೀವು ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಕಾದಿರಬಹುದು, ಹೆರಿಗೆ ಕೋಣೆಯ ಹೊರಗೆ ಕಾದಿರಬಹುದು. ನಾನೂ ಕಾದಿದ್ದೇನೆ. ಇದು ಬೇರೆ. ಒಬ್ಬ ಹಳೆಯ ದರ್ಜಿ ಎರಡೂ ಕೈಯಲ್ಲಿ ಹಿಡಿದು ನನ್ನ ಹೊಲಿಗೆಯನ್ನು ಜಗ್ಗುವ ಸದ್ದು ಕೇಳಿಸಿತು. ಒಂದು ಸಲ. ಇನ್ನೊಂದು ಸಲ. ಮೂರನೆಯ ಸಲ ಹಲ್ಲು ಕಚ್ಚಿಯೇ ಜಗ್ಗಿರಬೇಕು.

"ಕಿಸಕಾ ಹಾತ್ ಹೈ ಯೇ?" ಎಂದಿತು ದನಿ. "ಯಾರ ಕೈ ಇದು? ಡಬಲ್ ಬಖಿಯಾ ಹೊಲಿಗಿ ಹಾಕ್ಯಾಳ ಹುಡುಗಿ, ಅದೂ ಕೈಲೆ. ನನ್ನ ಹೊಟ್ಟೀಲೆ ಹುಟ್ಟಿದ ಮಕ್ಕಳು ಹಾಕೂದಿಲ್ಲ." ಆಮೇಲೆ ತುಸು ಗತ್ತಿನಿಂದ, "ನೀಲಿ ಬಟ್ಟಿ ಇನ್ನೊಂದು ತುಂಡು ಕೊಡ್ರಿ. ಎಡಗಡೀದು ನಾ ಹಾಕ್ತೀನಿ. ಹರೀತಂದ್ರ ಯಾರದು ಹರೀತು ಅಂತ ಊರಿಗೇ ತಿಳೀಲಿ."

ಚಂದ್ರವ್ವ ಬಾಯಿಗೆ ಸೆರಗು ಒತ್ತಿ ನಕ್ಕಳು. ನನ್ನ ಕಡೆ ತಿರುಗಿ, "ಕೇಳಿದ್ಯಾ? ಪಂದ್ಯ ಬಿತ್ತು ನೋಡು" ಅಂದಳು. ಹತ್ತೇ ನಿಮಿಷದಲ್ಲಿ ರಸೂಲ್ ಚಾಚಾರ ಯಂತ್ರ ಕೆಲಸ ಮುಗಿಸಿತು. ಆಕೆ ಕುಬುಸ ತೊಟ್ಟು ಎರಡೂ ಕೈ ನಿಧಾನವಾಗಿ ಅರ್ಧ ಎತ್ತಿ, ಪೂರ್ತಿ ಎತ್ತದೆ ಇಳಿಸಿದಳು. "ಈಗ ಬ್ಯಾಡ. ಎತ್ತಿದ್ರ ಅಲ್ಲೇ ಎತ್ತೂದು. ನೀವಿಬ್ಬರೂ ಹೋಗಿ ನನ್ನ ಎದುರಿಗೇ ಕೂಡ್ರಿ. ಹರೀಲಿಕ್ಕತ್ತಿತಂದ್ರ ಸನ್ನಿ ಮಾಡ್ರಿ, ಕೈ ಇಳಸ್ತೀನಿ."

ಬ್ಯಾಡ್ಜಿನವರೇ ನಮಗೆ ಕುರ್ಚಿ ಹಾಕಿದರು, ಎಲ್ಲಿ ಅಂತೀರಿ, ಗಣ್ಯರ ಸೋಫಾಗ‍ಳಿಗಿಂತ ಮುಂದೆ, ಪತ್ರಿಕೆಯ ಫೋಟೋಗ್ರಾಫರ್ ಪಕ್ಕದಲ್ಲಿ. ಒಂದರಲ್ಲಿ ನಾನು, ಕೊರಳಲ್ಲಿ ಟೇಪು. ಇನ್ನೊಂದರಲ್ಲಿ ಬಿಳಿ ಗಡ್ಡದ ರಸೂಲ್ ಚಾಚಾ, ಕೊರಳಲ್ಲಿ ಟೇಪು. ಹಿಂದಿನಿಂದ ಯಾರೋ, "ಇವರು ಡಾಕ್ಟರ್ ಇರಬೇಕು" ಅಂದದ್ದು ಕೇಳಿಸಿತು.

ಮೊದಲ ನಾಲ್ಕು ಹಾಡು ಹೇಗಿದ್ದವು ಎಂದು ನನ್ನನ್ನು ಕೇಳಬೇಡಿ. ಇಷ್ಟು ವರ್ಷ ಕಾದ ತಂಡ ಎರಡು ಮಾರು ದೂರದಲ್ಲಿ ಹಾಡುತ್ತಿದೆ, ನಾನು ಕಂಕುಳು ನೋಡುತ್ತ ಕೂತಿದ್ದೇನೆ. ಚಾಚಾ ಕೂಡ. ಅವರ ಕಣ್ಣು ಆಕೆಯ ಎಡಗೈ ಮೇಲೆ, ನನ್ನದು ಬಲಗೈ ಮೇಲೆ.

ಐದನೆಯದು ಕಡಲೆ ಹೊಲ. ಜನ ಎದ್ದು ನಿಂತರು. ದನಿ ಏರಿತು, ಏರಿತು, ನನಗೆ ಬಾಯಿಪಾಠವಾಗಿದ್ದ ಪ್ರತಿ ತಿರುವಿನಲ್ಲೂ ಏರಿತು. ನಿಂತಿತು.

ನನಗೆ ಗೊತ್ತಾಯಿತು, ಆ ಮೌನದಲ್ಲಿ ಏನಿದೆ ಎಂದು. ಎಡಗೈಯಲ್ಲಿ ಹಲಗೆ, ಬಲಗೈಯಲ್ಲಿ ಕೋಲು, ಚಂದ್ರವ್ವನ ಎರಡೂ ಕೈಗಳು ನೆತ್ತಿಯ ಮೇಲೆ ಹೋದವು. ಕೆಂಪು ಕುಬುಸದ ಎರಡೂ ತೋಳಡಿಯಲ್ಲಿ ಕಮಲಾಪುರದ ಶಾಲೆಯ ನೀಲಿ ಚೌಕಳಿ ರೆಕ್ಕೆಯ ಹಾಗೆ ಬಿಚ್ಚಿಕೊಂಡಿತು. ಹೊಲಿಗೆ ನಿಂತಿತು. ಎರಡೂ ಕಡೆ. ಅವಳು ಉಸಿರೆಳೆಯುವುದು ನನಗೆ ಕೇಳಿಸಿತು. ಆಗ ಕಣ್ಣು ಕೆಳಗೆ ಹೋಯಿತು. ಐದು ಜನರದೂ ಒಂದೊಂದು ಕಾಲು ನೆಲ ಬಿಟ್ಟು ಗಾಳಿಯಲ್ಲಿದೆ! ಕೀಬೋರ್ಡಿನವನದು, ಗಿಟಾರಿನವನದು, ಎಲ್ಲರದೂ. ಒಂಟಿ ಕಾಲಲ್ಲಿ ಐದು ಜನ, ಅಲುಗದೆ. ಮತ್ತು "ಧಡ್".

ಅದು ಬರೀ ಹಲಗೆಯ ಏಟಲ್ಲ. ಐದು ಪಾದಗಳು ಒಟ್ಟಿಗೆ ಮರದ ವೇದಿಕೆಯ ಮೇಲೆ ಬಿದ್ದ ಸದ್ದು. ಷೆಡ್ಡಿನಲ್ಲಿ ನಾವು ಇಪ್ಪತ್ತು ಜನ ತುಳಿಮಣೆಯ ಮೇಲೆ ಕಾಲೆತ್ತಿ ಕಾಯುತ್ತಿದ್ದೆವಲ್ಲ, ಆ ಕಡೆ ಅವರೂ ಕಾಲೆತ್ತಿಯೇ ಕಾಯುತ್ತಿದ್ದರು. ಯಾರೂ ಹೇಳಿಕೊಡದೆ ನಾವು ಸರಿಯಾಗಿಯೇ ಮಾಡುತ್ತಿದ್ದೆವು.

ಅಣ್ಣಾ, ಓದುತ್ತಿದ್ದೀಯಾ? "ಏನೋ ಕೈ ಎತ್ತತಾಳಪಾ"!

ಎದ್ದು ನಿಂತು ಸೀಟಿ ಹೊಡೆದೆ. ನನ್ನದೊಂದು, ಶಾಂತಾ ಟೀಚರದೊಂದು. ರಸೂಲ್ ಚಾಚಾ ಗಡ್ಡ ನೀವಿಕೊಳ್ಳುತ್ತ, "ದೋನೋ ಪಾಸ್, ಇಬ್ಬರೂ ಪಾಸ್" ಎಂದು ನನ್ನ ಕಡೆ ಕೈ ಚಾಚಿದರು. ಗಂಡಸರ ಕೈ ಕುಲುಕಿದ್ದು ನನ್ನ ಜೀವನದಲ್ಲಿ ಅದೇ ಮೊದಲು.

ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದೆ. ಕಾಕು ಬಾಗಿಲಲ್ಲೇ ಹಣ್ಣು ಎಣಿಸಿದಳು. "ಹನ್ನೆರಡು ಹೇಳಿದ್ದೆ. ಒಂಬತ್ತು ಅವ."

"ಮೂರು ಚಂದ್ರವ್ವ ತಿಂದ್ಲು ಕಾಕು."

"ಯಾವ ಚಂದ್ರವ್ವ?"

ಎಲ್ಲ ಹೇಳಿದೆ. ಕಾಕು ಮರಾಠಿಯಲ್ಲಿ ಬೈಯಲಿಲ್ಲ, ಕನ್ನಡದಲ್ಲೂ ಬೈಯಲಿಲ್ಲ. ಬಾಳೆಹಣ್ಣು ಬುಟ್ಟಿಯಲ್ಲಿ ಜೋಡಿಸುತ್ತ, "ಖರೇನ ಹರೀಲಿಲ್ಲೇನು?" ಎಂದಷ್ಟೇ ಕೇಳಿದಳು.

ಮಳೆಗಾಲದಲ್ಲಿ ಹುಬ್ಬಳ್ಳಿ ಬಸ್ ಸ್ಟ್ಯಾಂಡಿನ ಕ್ಯಾಸೆಟ್ ಅಂಗಡಿಯಲ್ಲಿ ಅವರ ಹೊಸ ಕ್ಯಾಸೆಟ್ಟು ನೇತಾಡುತ್ತಿತ್ತು. ಹೊದಿಕೆಯ ಮೇಲೆ ಅವತ್ತಿನದೇ ಫೋಟೋ, ಎರಡೂ ಕೈ ಮೇಲೆ. ಮುದ್ರಣ ಎಷ್ಟು ದರಿದ್ರವಾಗಿತ್ತೆಂದರೆ ನನ್ನ ನೀಲಿ ಚೌಕಳಿ ಹಸಿರಾಗಿ, ಉಗುರಿನಷ್ಟಾಗಿ, ಏನೋ ಕಲೆಯ ಹಾಗೆ ಕಾಣುತ್ತಿತ್ತು. ಗೊತ್ತಿಲ್ಲದವರಿಗೆ ಅದು ಕಲೆಯೇ. ಎರಡು ಕೊಂಡೆ. ಒಂದನ್ನು ಕಾಕುಗೆ ಕಳಿಸಿದೆ.

ಕಾಕು ಮನೆಯಲ್ಲಿ ಟೇಪ್ ರೆಕಾರ್ಡರು ಇರಲೇ ಇಲ್ಲ. ಮರುವರ್ಷ ಅಳತೆಗೆ ಹೋದಾಗ ನೋಡುತ್ತೇನೆ, ಕ್ಯಾಸೆಟ್ಟು ಹೊರಗಿನ ಕೋಣೆಯ ಗಾಜಿನ ಕಪಾಟಿನಲ್ಲಿ, ಬೆಳ್ಳಿಯ ಅರಿಶಿನ ಕುಂಕುಮದ ಬಟ್ಟಲುಗಳ ಪಕ್ಕ ನಿಂತಿದೆ. ಪಕ್ಕದ ಮನೆಯಾಕೆ ಬಂದಿದ್ದಳು. ಕಾಕು ಅದನ್ನು ತೆಗೆದು, ಕ್ರೋಶಾ ಕಡ್ಡಿಯ ತುದಿಯಿಂದ ತೋರಿಸುತ್ತಿದ್ದಳು. "ಇದು ಕಲಿ ಅಲ್ರೀ, ಸರಿಯಾಗಿ ನೋಡ್ರಿ. ಕಂಕುಳದಾಗ. ಅದನ್ನ ಹೊಲದಾಕಿ ನಮ್ಮ ವೈಜೂ. ಬಲಗಡೀದು. ಎಡಗಡೀದು ಬ್ಯಾರೆ ಯಾರೋ ಹೊಲದಾರ, ಅದು ಅಷ್ಟು ಬರಾಬರಿ ಬಂದಿಲ್ಲ."

ಮರುದಿನ ಬೆಳಿಗ್ಗೆ ಶಾಲೆಗೆ ಹೊರಟೆ. ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಕಾಕು ಕೂಗಿದಳು, "ಏ ವೈಜೂ, ಕೊಳ್ಳು ಖಾಲಿ ಅದಲ್ಲ! ಟೇಪು ಎಲ್ಲೆ? ಹಾಕ್ಕೊಂಡು ಹೋಗ!" ಹಾಕಿಕೊಂಡೆ. ಜಗತ್ ಸರ್ಕಲ್ಲಿನ ನಡುವೆ, ಹಾಡಹಗಲು, ಬಂಗಾರದ ಸರ ಹಾಕಿಕೊಂಡವಳ ಹಾಗೆ ನಡೆದೆ.

ನನ್ನದು ಇಷ್ಟು. ನಿಮ್ಮ ಕೊರಳಲ್ಲಿ, ಜೇಬಿನಲ್ಲಿ, ಕಿವಿಯ ಹಿಂದೆ ಮರೆತು ಉಳಿದ ಯಾವ ವಸ್ತು ನಿಮಗೆ ಯಾವ ಗೇಟು ತೆಗೆಸಿಕೊಟ್ಟಿತು? ಒಳಗೆ ಹೋದ ಮೇಲೆ ಸಿಕ್ಕಿಬಿದ್ದಿರಾ, ಪಾಸಾದಿರಾ? ಕೆಳಗೆ ಬರೆಯಿರಿ, ಒಂದೊಂದನ್ನೂ ಓದುತ್ತೇನೆ. ಉದ್ದವಾಯಿತೆಂದು ಹಿಂಜರಿಯಬೇಡಿ. ಎರಡು ಇಂಚು ಹೆಚ್ಚೇ ಇರಲಿ, ಬೆಳೆಯುವ ಕಥೆಗಳಿಗೆ ಬೇಕಾಗುತ್ತದೆ.